ಸಾರಥಿಗೂ ಚಕ್ರಕ್ಕೂ ನಡುವೆ

ನಿದ್ರೆಯನ್ನು ಕೆಲಸವೆಂದು ಎಣಿಸದ ಪಕ್ಷದಲ್ಲಿ, ಅಂಗಾತ ಮಲಗಿಕೊಂಡು ಮಾಡತಕ್ಕ ಕೆಲಸಗಳು ಮನುಷ್ಯನ ಬಾಳಿನಲ್ಲಿ ಬಹಳ ಇಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕರಿಹಲಗೆಯ ಮುಂದೆ ನಿಂತೇ ಅನ್ನ ಸಂಪಾದಿಸಿದ ನನ್ನಂಥವನಿಗೆ, ಅದರಲ್ಲಿಯೂ ವಿಶ್ರಾಂತಿವೇತನದ ವಯಸ್ಸಿನಲ್ಲಿ, ಅಂಥದೊಂದು ಕೆಲಸ ಒದಗಿ ಬಂದೀತೆಂದು ಯಾರಾದರೂ ಭವಿಷ್ಯ ನುಡಿದಿದ್ದರೆ ನಾನು ನಂಬುತ್ತಿರಲಿಲ್ಲ. ಆದರೂ ಕಳೆದ ಮಾಘಮಾಸದಲ್ಲಿ, ರಥಸಪ್ತಮಿಯ ಮರುದಿನದಿಂದ ಮೊದಲುಗೊಂಡು ಮೂರು ದಿನ, ಮೈಸೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿ ಗೋಣಿಚೀಲವೊಂದನ್ನು ಹಾಸಿಕೊಂಡು, ಹಳೆಯ ಕಾರಿನ ಹೊಟ್ಟೆಯ ಕಡೆಗೆ ಮುಖಮಾಡಿ ನಾನು ಮಲಗಿದ್ದುದು ನಿಜ. ಹಾಗೆ ಮಲಗಿದ್ದಾಗ, ತರಗತಿಯಲ್ಲಿ ವರ್ಷವರ್ಷವೂ ತಪ್ಪದೆ ಪಾಠ ಹೇಳಿದ್ದ ಕಠೋಪನಿಷತ್ತಿನ ರಥರೂಪಕದಲ್ಲಿ ಒಂದು ಎಡೆಯನ್ನು ನಾನು ಎಂದೂ ನಿಂತು ನೋಡಿಯೇ ಇರಲಿಲ್ಲವೆಂಬುದು ಹೊಳೆದದ್ದೂ ನಿಜ.

ಕಾರಣವನ್ನು ಮೊದಲು ಹೇಳಬೇಕು. ಹಬ್ಬಕ್ಕೆಂದು ಬಂದಿದ್ದ ಮಗಳು, ಬೆಳಗ್ಗೆ ತಲೆಯ ಮೇಲೆ ಎಕ್ಕದ ಎಲೆಯಿಟ್ಟುಕೊಂಡು ಸ್ನಾನ ಮಾಡಿ ಸೂರ್ಯನಿಗೆ ಕೈಮುಗಿದವಳು, ಸಂಜೆ ಹೂವು ಹಣ್ಣು ತರುತ್ತೇನೆಂದು ಕಾರನ್ನು ತೆಗೆದುಕೊಂಡು ಹೋಗಿ, ಅರ್ಧ ದಾರಿಯಿಂದಲೇ ಹಿಂದಿರುಗಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ಅಪ್ಪ, ಈ ಗಾಡಿ ನಾನು ಹೇಳಿದ ಕಡೆ ಹೋಗೋಲ್ಲ. ನೀನು ಹೇಗೆ ಓಡಿಸ್ತಾ ಇದೀಯ ಇದನ್ನ?" ಎಂದಳು. ನನಗೆ ಅವಳ ಮಾತು ವಿಚಿತ್ರವಾಗಿ ಕಂಡಿತು. ಇಪ್ಪತ್ತೆರಡು ವರ್ಷಗಳಿಂದ ಅದು ನಾನು ಹೇಳಿದ ಕಡೆಗೇ ಹೋಗುತ್ತಿತ್ತು. ಒಂದು ಸುತ್ತು ಹೋಗಿ ನೋಡೋಣವೆಂದು ನಾನೇ ಹೊರಟು, ಈ ಸಲ ಗಾಡಿಯ ಬದಲು ನನ್ನ ಕೈಗಳನ್ನು ಗಮನಿಸಿದೆನು. ಸ್ಟೇರಿಂಗನ್ನು ಎರಡಂಗುಲದಷ್ಟು ತಿರುಗಿಸುವವರೆಗೆ ಗಾಲಿಗಳಿಗೆ ಆ ವಿಷಯ ತಿಳಿಯುತ್ತಲೇ ಇರಲಿಲ್ಲ. ಆ ಎರಡಂಗುಲವನ್ನು ನನ್ನ ಕೈಗಳು ಎಂದಿನಿಂದಲೋ ತಾವಾಗಿ ಸೇರಿಸಿಕೊಂಡು, ತಿರುವು ಬರುವುದಕ್ಕೆ ಮುಂಚೆಯೇ ಹೊರಳಲಾರಂಭಿಸಿ, ತಿರುವು ಮುಗಿಯುವುದಕ್ಕೆ ಮುಂಚೆಯೇ ಹಿಂದಿರುಗಿ, ದೋಷವನ್ನು ನನ್ನಿಂದಲೇ ಮರೆಮಾಡಿಕೊಂಡು ಬಂದಿದ್ದುವು. ದೋಷ ಒಮ್ಮೆಗೇ ಬಂದಿದ್ದರೆ ನಾನು ಬೆಚ್ಚಿಬೀಳುತ್ತಿದ್ದೆ. ಅದು ದಿನಕ್ಕೆ ಕೂದಲೆಳೆಯಷ್ಟು ಬಂದಿತು. ಕೈಗಳೂ ದಿನಕ್ಕೆ ಕೂದಲೆಳೆಯಷ್ಟು ಒಗ್ಗಿಕೊಂಡುವು.

ಎದುರುಮನೆಯಲ್ಲಿ ಗ್ಯಾರೇಜಿನ ಕೆಲಸ ಬಲ್ಲ ಹುಡುಗನೊಬ್ಬನಿದ್ದಾನೆ. ಅವನು ಬಂದು, ನನ್ನನ್ನು ಒಳಗೆ ಕೂರಿಸಿ ಸ್ಟೇರಿಂಗನ್ನು ಅತ್ತಿತ್ತ ಅಲ್ಲಾಡಿಸಲು ಹೇಳಿ, ತಾನು ಕೆಳಗೆ ನುಸುಳಿ, ಕೀಲುಕೀಲಿನ ಮೇಲೂ ಒಂದೊಂದು ಗಳಿಗೆ ಕೈಯಿಟ್ಟು ನೋಡಿ, "ಆಟ ಆಡ್ತಾ ಇದೆ ಮೇಷ್ಟ್ರೇ. ಹೊರಗಿಂದೂ ಹೋಗಿದೆ, ಒಳಗಿನ ರ‍್ಯಾಕ್ ಎಂಡೂ ಹೋಗಿದೆ" ಎಂದನು. ಸಡಿಲವಾದ ಕೀಲಿಗೆ ಆಟವೆಂದು ಹೆಸರಿಟ್ಟವರು ಯಾರೋ ತಿಳಿಯದು. ಆದರೆ ಬ್ರಹ್ಮಸೂತ್ರಕಾರರು ಜಗತ್ಸೃಷ್ಟಿಗೆ ಲೀಲೆಯೆಂಬ ಹೆಸರು ಕೊಟ್ಟುದನ್ನು ಪಾಠ ಹೇಳಿದವನಿಗೆ ಆ ಮಾತನ್ನು ಕೇಳಿ ನಗು ಬರದಿರುವುದು ಹೇಗೆ? ಆಪ್ತಕಾಮನಾದ ಪರಮೇಶ್ವರನು ಆಡಿದರೆ ಅದು ಲೀಲೆ. ಎರಡು ಕಬ್ಬಿಣದ ತುಂಡುಗಳು ತಮ್ಮತಮ್ಮೊಳಗೆ ಆಡತೊಡಗಿದರೆ ಅದು ದಾರಿಯಲ್ಲಿ ಹೋಗುವವರ ಪ್ರಾಣಕ್ಕೆ ಬರುತ್ತದೆ.

ಅರಿಯದವರಿಗಾಗಿ ಈ ಅಂಗರಚನೆಯನ್ನು ಸ್ವಲ್ಪ ವಿವರಿಸಬೇಕಾಗಿದೆ, ಬಲ್ಲವರು ಮನ್ನಿಸಬೇಕು. ಕೈಯಲ್ಲಿ ಹಿಡಿದ ಸ್ಟೇರಿಂಗಿನಿಂದ ಒಂದು ದಂಡ ಕೆಳಗಿಳಿದು, ಅದರ ತುದಿಯಲ್ಲಿರುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವು, ಅಡ್ಡಲಾಗಿ ಮಲಗಿರುವ ರ‍್ಯಾಕ್ ಎಂಬ ಹಲ್ಲುಪಟ್ಟಿಯನ್ನು ಎಡಬಲಗಳಿಗೆ ಸರಿಸುತ್ತದೆ; ಆ ಪಟ್ಟಿಯ ಎರಡು ಕೊನೆಗಳಿಂದಲೂ ಟೈ ರಾಡುಗಳು ಹೊರಟು ಮುಂದಿನ ಗಾಲಿಗಳನ್ನು ಹಿಡಿದಿರುತ್ತವೆ. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರಿನಲ್ಲಿಯೂ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿಯೂ ಸ್ಥೂಲವಾಗಿ ಇದೇ ಏರ್ಪಾಡು. ನನ್ನ ಗಾಡಿ ಯಾವುದೆಂಬುದು ಇಲ್ಲಿ ಅಪ್ರಸ್ತುತ. ಇಷ್ಟು ವರ್ಷ ನಮ್ಮ ರಸ್ತೆಗಳಲ್ಲಿ ಓಡಿದ ಯಾವುದಕ್ಕೂ ಬರತಕ್ಕ ಅವಸ್ಥೆಯೇ ಅದಕ್ಕೂ ಬಂದಿತ್ತು. ರಸ್ತೆಯ ಏರುತಗ್ಗಿಗೆ ಗಾಲಿಗಳು ಮೇಲೆ ಕೆಳಗೆ ಆಡಬೇಕಾದುದರಿಂದ, ಟೈ ರಾಡಿನ ಎರಡು ತುದಿಯಲ್ಲಿಯೂ ನಮ್ಮ ಭುಜದ ಕೀಲಿನಂತೆ ಬಟ್ಟಲಿನಲ್ಲಿ ಕೂತ ಉಕ್ಕಿನ ಗುಂಡೊಂದು ಇರುತ್ತದೆ. ಹೊರತುದಿಯ ಗುಂಡು ಗಾಲಿಯ ಹಿಂದೆ ಬಗ್ಗಿ ನೋಡಿದವರಿಗೆ ಕಾಣುತ್ತದೆ. ಒಳತುದಿಯದು ಕಾಣುವುದಿಲ್ಲ. ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಬೂಟಿನೊಳಗೆ, ಎಂಜಿನ್ನಿನ ಬೆನ್ನಿಗೆ, ಕೈ ಹೋದರೆ ಕಣ್ಣು ಹೋಗದ, ಕಣ್ಣು ಹೋದರೆ ಕೈ ಹೋಗದ ಸ್ಥಳದಲ್ಲಿ ಅದು ವಾಸವಾಗಿರುತ್ತದೆ.

ಇನ್ನು ಉಪನಿಷತ್ತಿನ ಮಾತು. ಯಮನು ನಚಿಕೇತನಿಗೆ ಹೇಳಿದ ಆ ರೂಪಕ ನಮ್ಮಲ್ಲಿ ಹರಿಕಥೆ ಕೇಳಿದವರಿಗೆಲ್ಲ ಪರಿಚಿತವಾದದ್ದು: ಆತ್ಮ ರಥಿಕ, ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಹಗ್ಗ, ಇಂದ್ರಿಯಗಳು ಕುದುರೆಗಳು, ವಿಷಯಗಳು ಆ ಕುದುರೆಗಳು ಓಡುವ ಹಾದಿ. ಗ್ರೀಸಿನಲ್ಲಿ ಪ್ಲೇಟೋ ಮಹಾಶಯನೂ ಫೀಡ್ರಸ್ ಎಂಬ ಸಂವಾದದಲ್ಲಿ ಸಾರಥಿಯೊಬ್ಬನನ್ನೂ ರೆಕ್ಕೆಯುಳ್ಳ ಎರಡು ಕುದುರೆಗಳನ್ನೂ ಹೂಡಿದ್ದಾನೆ. ಅವನ ಗಮನವೆಲ್ಲ ಕುದುರೆಗಳ ಜಾತಿಯ ಮೇಲೆ. ನಾನು ಪಾಠ ಹೇಳುವಾಗ ನನ್ನ ಗಮನವೂ ಎರಡು ತುದಿಗಳ ಮೇಲೆಯೇ ಇರುತ್ತಿತ್ತು. ಸಾರಥಿ ವಿವೇಕಿಯಾದರೆ ರಥ ಗುರಿಮುಟ್ಟುತ್ತದೆ, ಅವಿವೇಕಿಯಾದರೆ ಹಳ್ಳಕ್ಕೆ ಬೀಳುತ್ತದೆ, ಕುದುರೆ ಸಾಧುವಾದರೆ ಸರಿ, ದುಷ್ಟವಾದರೆ ಕಷ್ಟ, ಹುಡುಗರೇ, ಬುದ್ಧಿಯನ್ನು ಬೆಳೆಸಿಕೊಳ್ಳಿ, ಇಂದ್ರಿಯಗಳನ್ನು ಬಿಗಿಹಿಡಿಯಿರಿ, ಗಂಟೆ ಬಾರಿಸುತ್ತಿತ್ತು. ಸಾರಥಿಯ ಅಂಗೈಗೂ ಕುದುರೆಯ ಬಾಯಿಗೂ ನಡುವೆ ಹಗ್ಗದ ಗಂಟೊಂದಿದೆ, ಕಡಿವಾಣದ ಬಳೆಯೊಂದಿದೆ, ಅವು ಸಡಿಲವಾದರೆ ಸಾರಥಿ ಬೃಹಸ್ಪತಿಯಾಗಿದ್ದರೂ ಕುದುರೆ ಉಚ್ಚೈಃಶ್ರವಸ್ಸಾಗಿದ್ದರೂ ಪ್ರಯೋಜನವಿಲ್ಲವೆಂಬ ಮಾತು ನನ್ನ ಬಾಯಿಂದ ಒಂದು ವರ್ಷವೂ ಬರಲಿಲ್ಲ.

ಉಪನಿಷತ್ತು ಅದನ್ನು ಬಿಟ್ಟಿತ್ತೆಂದು ಹೇಳಿದರೆ ಮಹಾಪರಾಧವಾದೀತು. ಅಲ್ಲಿ ಮನಸ್ಸಿಗೆ ಅಯುಕ್ತ ಎಂಬ ವಿಶೇಷಣ ಸ್ಪಷ್ಟವಾಗಿದೆ. ನಾನು ಅದನ್ನು ಹತೋಟಿಯಿಲ್ಲದ್ದು, ಏಕಾಗ್ರವಲ್ಲದ್ದು ಎಂದು ಅರ್ಥ ಬರೆಸಿ ದಾಟುತ್ತಿದ್ದೆ. ಆ ಅರ್ಥ ತಪ್ಪೂ ಅಲ್ಲ. ಆದರೆ ಯುಜ್ ಧಾತುವಿನ ಮೊದಲ ಅರ್ಥ ಜೋಡಿಸುವುದು, ಹೂಡುವುದು. ಯೋಗವೂ ಅದರಿಂದಲೇ ಬಂದುದು, ನೊಗವೆಂಬ ಅರ್ಥದ ಯುಗವೂ ಅದರಿಂದಲೇ ಬಂದುದು. ಅಯುಕ್ತವೆಂದರೆ ಎಲ್ಲಕ್ಕಿಂತ ಮೊದಲು ಹೂಟೆ ತಪ್ಪಿದ್ದು, ಕೀಲು ಕಳಚಿದ್ದು. ಧಾತುಪಾಠವನ್ನು ಬಾಯಿಪಾಠ ಮಾಡಿದ್ದವನಿಗೆ ಈ ಅರ್ಥ ತಿಳಿದಿರಲಿಲ್ಲವೆಂದಲ್ಲ, ತಿಳಿದಿತ್ತು. ಆ ತಿಳಿವು ಮಾತ್ರ ಗಾಲಿಯವರೆಗೆ ಹೋಗಿರಲಿಲ್ಲ.

ತಿಳಿದೂ ಮಾಡದಿರುವುದು, ಬೇಡವೆಂದೂ ಮಾಡುವುದು ಎಂಬ ಈ ಒಗಟು ನಮ್ಮವರನ್ನು ಬಹುಕಾಲದಿಂದ ಕಾಡಿದೆ. ಧರ್ಮ ಯಾವುದೆಂಬುದು ತನಗೆ ಗೊತ್ತು, ಆದರೆ ಅತ್ತ ಕಡೆ ಹೆಜ್ಜೆ ಏಳದು ಎಂಬ ಅಭಿಪ್ರಾಯವನ್ನು ಸಂಪ್ರದಾಯವು ದುರ್ಯೋಧನನ ಬಾಯಲ್ಲಿ ಇಟ್ಟಿದೆ. ಇಚ್ಛೆಯಿಲ್ಲದಿದ್ದರೂ ಯಾರೋ ಬಲಾತ್ಕಾರದಿಂದ ನೂಕಿದಂತೆ ಮನುಷ್ಯನು ಪಾಪಕ್ಕೆ ಬೀಳುವುದೇಕೆಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನೂ ಕೇಳುತ್ತಾನೆ. ಖಳನೂ ಸಾಧುವೂ ಒಂದೇ ಪ್ರಶ್ನೆಯನ್ನು ಎತ್ತಿರುವುದನ್ನು ನೋಡಿದರೆ ಅದು ಖಳತನದ ಪ್ರಶ್ನೆಯಲ್ಲವೆಂಬುದಂತೂ ಸ್ಪಷ್ಟ. ಅರ್ಜುನನಿಗೆ ಅಲ್ಲಿ ದೊರೆತ ಉತ್ತರ ಕಾಮಕ್ರೋಧಗಳೆಂಬುದು. ಆದರೆ ಹದಿನೆಂಟನೆಯ ಅಧ್ಯಾಯದಲ್ಲಿ, ಕರ್ಮವೊಂದು ನಡೆಯಬೇಕಾದರೆ ಬೇಕಾದ ಐದು ಕಾರಣಗಳನ್ನು ಎಣಿಸುವಾಗ, ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ವಿವಿಧ ಚೇಷ್ಟೆಗಳು, ಐದನೆಯದಾಗಿ ದೈವ ಎಂದು ಭಗವಂತನು ಹೇಳುತ್ತಾನೆ. ನಮ್ಮ ಲೋಕವ್ಯವಹಾರದಲ್ಲಿ ಈ ಐದರಲ್ಲಿ ಎರಡಕ್ಕೆ ಮಾತ್ರ ಕೆಲಸ. ಒಳ್ಳೆಯದಾದರೆ ಕರ್ತೃ, ಕೆಟ್ಟುದಾದರೆ ದೈವ. ನೆರೆಯವರ ವಿಷಯದಲ್ಲಿ ಇದೇ ತಿರುಗುಮುರುಗು. ಕರಣವೆಂಬ ಮೂರನೆಯವನನ್ನು ಯಾರೂ ಸಾಕ್ಷಿಗೂ ಕರೆಯುವುದಿಲ್ಲ, ಕಟಕಟೆಗೂ ಹತ್ತಿಸುವುದಿಲ್ಲ. ನನ್ನ ಅನುಭವವನ್ನು ಕೇಳಿದರೆ, ನಮ್ಮ ದಿನದಿನದ ನೂರು ಸಣ್ಣ ಅಧರ್ಮಗಳಲ್ಲಿ ಬಹುಪಾಲು ದುಷ್ಟ ಸಂಕಲ್ಪದಿಂದಾಗಲಿ ದೈವದ ಪ್ರಾತಿಕೂಲ್ಯದಿಂದಾಗಲಿ ಆದವುಗಳಲ್ಲ. ಒಳಗಿನ ಯಾವುದೋ ಗುಂಡು ತನ್ನ ಬಟ್ಟಲಿನಲ್ಲಿ ಸವೆದು, ಸಂಕಲ್ಪದ ಮೊದಲ ಎರಡಂಗುಲ ಅಲ್ಲಿಯೇ ಇಂಗಿಹೋದುದರಿಂದ ಆದವುಗಳು.

ಇಷ್ಟಾದರೂ ಗ್ಯಾರೇಜಿಗೆ ಒಪ್ಪಿಸದೆ ನೀವೇ ಏಕೆ ಕೈಹಾಕಿದಿರಿ ಎಂದು ಕೇಳಬಹುದು; ನನ್ನ ಹೆಂಡತಿ ಕೇಳಿದಳು. "ಬೆನ್ನು ಹಿಡಿದುಕೊಂಡ್ರೆ ಎಣ್ಣೆ ತಿಕ್ಕೋದು ನಾನೇ ತಾನೆ?" ಎಂಬುದು ಅವಳ ಪ್ರಶ್ನೆಯ ಉತ್ತರಾರ್ಧ. ವೇದಾಂತದಲ್ಲಿ ಗ್ರಂಥದ ಆರಂಭದಲ್ಲಿಯೇ ಅಧಿಕಾರಿಯಾರೆಂಬ ವಿಚಾರ ಬರುತ್ತದೆ. ನಿತ್ಯಾನಿತ್ಯ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ನಾಲ್ಕು ಉಳ್ಳವನೇ ಅಧಿಕಾರಿ. ಸ್ಟೇರಿಂಗಿನ ಕೆಲಸಕ್ಕೂ ಅಧಿಕಾರ ಬೇಡವೆನ್ನಲಾಗದು. ಬಾಗಿಲಿನ ಹಿಡಿಯನ್ನು ಕೆಡಿಸಿದರೆ ನಷ್ಟ ನನಗೆ, ಸ್ಟೇರಿಂಗಿನ ಕೀಲನ್ನು ಕೆಡಿಸಿದರೆ ನಷ್ಟ ದಾರಿಯಲ್ಲಿ ಶಾಲೆಗೆ ಹೋಗುವ ಮಗುವಿಗೆ. ಆದುದರಿಂದ ಎದುರುಮನೆಯ ಹುಡುಗನಿಗೂ ನನಗೂ ಒಂದು ಒಪ್ಪಂದವಾಯಿತು: ಹಗಲೆಲ್ಲ ನಾನು ಮಾಡತಕ್ಕದ್ದು, ಸಂಜೆ ಅವನು ಬಂದು ಪ್ರತಿಯೊಂದನ್ನೂ ತಿರುಗಿ ಬಿಗಿಮಾಡಿ ನೋಡತಕ್ಕದ್ದು, ಅವನು ಸರಿಯೆನ್ನುವವರೆಗೆ ಗಾಡಿ ಗೇಟು ದಾಟತಕ್ಕದ್ದಲ್ಲ. ಅರುವತ್ತೈದರ ಶಿಷ್ಯನಿಗೆ ಇಪ್ಪತ್ತಾರರ ಗುರು ದೊರೆತನು. ಮೌನವಾಗಿ ವ್ಯಾಖ್ಯಾನ ಮಾಡುವ ಯುವಕ ಗುರು, ವೃದ್ಧ ಶಿಷ್ಯರು ಎಂಬ ದಕ್ಷಿಣಾಮೂರ್ತಿಯ ಚಿತ್ರ ನೆನಪಾಯಿತಾದರೂ, ನನ್ನ ಗುರು ಮೌನಿಯಾಗಿರಲಿಲ್ಲ.

ಅವನ ಪ್ರಥಮೋಪದೇಶ ಪ್ರಾಣರಕ್ಷಣೆಯದು. ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆಯಿಡಬಾರದು. ಹಿಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜ್ಯಾಕಿನಿಂದ ಎತ್ತಿ, ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಇಳಿಸಿ, ಒಮ್ಮೆ ಭುಜದಿಂದ ನೂಕಿ ನೋಡಿ, ಆಮೇಲೆ ನುಸುಳತಕ್ಕದ್ದು. ಎರಡನೆಯದು ತಾಳ್ಮೆಯದು. ತುಕ್ಕು ಹಿಡಿದ ತಿರುಪುಗಳಿಗೆ ಹಿಂದಿನ ರಾತ್ರಿಯೇ ತುಕ್ಕೆಣ್ಣೆ ಕುಡಿಸಿ ಮಲಗಬೇಕು. ಬಲದಿಂದ ಆಗದ್ದು ಎಷ್ಟೋ ವೇಳೆ ಒಂದು ರಾತ್ರಿಯ ಎಣ್ಣೆಯಿಂದ ಆಗುತ್ತದೆ.

ಹೊರಗಿನ ಕೀಲನ್ನು ಬಿಚ್ಚುವಾಗ ಮೊದಲು ಎದುರಾಗುವುದು ಒಂದು ಕ್ಷುದ್ರ ವಸ್ತು. ಕೋಟೆಯ ತೆನೆಗಳಂತೆ ಕಚ್ಚುಗಳುಳ್ಳ ನಟ್ಟಿನ ಮೂಲಕ ಅಡ್ಡಲಾಗಿ ತೂರಿಸಿ, ಎರಡು ಕಾಲುಗಳನ್ನೂ ಹಿಂದಕ್ಕೆ ಮಡಿಸಿರುವ ಸ್ಪ್ಲಿಟ್ ಪಿನ್ ಅದು. ನಟ್ಟು ತಾನಾಗಿ ಸಡಿಲಿ ಕಳಚಿಕೊಳ್ಳದಂತೆ ಕಾಯುವುದು ಈ ಬಡಪಾಯಿ. ಒಮ್ಮೆ ತೆಗೆದುದನ್ನು ಮತ್ತೆ ಹಾಕಬಾರದು, ಹೊಸದನ್ನೇ ಹಾಕಬೇಕು. ಎತ್ತಿನ ಗಾಡಿಯ ಕಾಲದಲ್ಲಿ ಇದೇ ಕಡಾಣಿಯಾಗಿತ್ತು. ದೇವಾಸುರರ ಯುದ್ಧದಲ್ಲಿ ದಶರಥನ ರಥದ ಕಡಾಣಿ ಮುರಿದುಬಿದ್ದಾಗ ಕೈಕೇಯಿ ತನ್ನ ಬೆರಳನ್ನೇ ಆ ರಂಧ್ರದಲ್ಲಿಟ್ಟು ಚಕ್ರವನ್ನು ಕಾಪಾಡಿದಳೆಂದು ನಮ್ಮ ಹರಿಕಥೆಯ ದಾಸರು ಕಣ್ಣಲ್ಲಿ ನೀರು ತರಿಸಿ ಹೇಳುತ್ತಾರೆ. ವಾಲ್ಮೀಕಿಗಳಲ್ಲಿ ಬೆರಳಿನ ಮಾತಿಲ್ಲ; ಗಾಯಗೊಂಡ ರಾಜನನ್ನು ಅವಳು ರಣರಂಗದಿಂದ ಆಚೆಗೆ ಸಾಗಿಸಿ ಉಳಿಸಿಕೊಂಡಳೆಂದು ಮಾತ್ರ ಇದೆ. ಆದರೂ ಜನದ ಕಲ್ಪನೆ ಬೆರಳನ್ನೇ ಹಿಡಿದುಕೊಂಡುದು ಸುಮ್ಮನೆ ಅಲ್ಲ. ಆ ಉಪಕಾರಕ್ಕೆ ಎರಡು ವರಗಳು, ವರಗಳಿಂದ ವನವಾಸ, ವನವಾಸದಿಂದ ರಾವಣವಧೆ. ಒಂದು ಕಡಾಣಿಯನ್ನು ಕಾಲಕಾಲಕ್ಕೆ ನೋಡಿ ಬದಲಾಯಿಸಿದ್ದರೆ ರಾಮಾಯಣದ ಆರು ಕಾಂಡಗಳ ಗತಿ ಏನಾಗುತ್ತಿತ್ತೋ! ಅಯೋಧ್ಯೆಯ ರಥಶಾಲೆಯವನ ಆಲಸ್ಯಕ್ಕೆ ನಾವೆಲ್ಲ ಋಣಿಗಳು.

ನಟ್ಟು ಬಂದಿತು, ಕೀಲು ಬರಲಿಲ್ಲ. ಮೊನೆಯ ಕಡೆಗೆ ಸಣ್ಣದಾಗುತ್ತ ಹೋಗುವ ಅದರ ಗೂಟವು ವರ್ಷಗಳ ಬಿಗಿಯಿಂದ ತನ್ನ ಕಣ್ಣಿನಲ್ಲಿ ಬೆಸೆದುಕೊಂಡುಬಿಟ್ಟಿತ್ತು. ಕೆಳಗಿನಿಂದ ನೇರವಾಗಿ ಬಡಿದು ಎಬ್ಬಿಸೋಣವೆಂದು ಅರ್ಧ ಗಂಟೆ ಹೆಣಗಿ ತಿರುಪಿನ ತುದಿಯನ್ನು ಜಜ್ಜಿದೆನಲ್ಲದೆ ಬೇರೇನನ್ನೂ ಸಾಧಿಸಲಿಲ್ಲ. ಸಂಜೆ ಬಂದ ಗುರು ನಕ್ಕು, ಒಂದು ಸುತ್ತಿಗೆಯನ್ನು ಆ ಕಣ್ಣಿನ ಒಂದು ಪಕ್ಕಕ್ಕೆ ಆನಿಸಿ ಹಿಡಿದು, ಇನ್ನೊಂದರಿಂದ ಎದುರು ಪಕ್ಕಕ್ಕೆ ಎರಡೇ ಪೆಟ್ಟು ಹಾಕಿದನು. ಗೂಟ ಟಪ್ಪೆಂದು ತಾನಾಗಿ ಸಡಿಲಿ ಬಂದಿತು. "ಅದನ್ನ ಹೊಡೀಬಾರದು ಮೇಷ್ಟ್ರೇ, ಅದನ್ನ ಹಿಡಿದುಕೊಂಡಿರೋದನ್ನ ಹೊಡೀಬೇಕು." ವೈರಾಗ್ಯವನ್ನು ಕುರಿತು ಇದಕ್ಕಿಂತ ಉಪಯುಕ್ತವಾದ ವಾಕ್ಯವನ್ನು ನಾನು ಭಾಷ್ಯಗಳಲ್ಲಿ ಓದಿದ್ದು ಕಡಿಮೆ, ಇದನ್ನು ಅವನಿಗೆ ಹೇಳಿದರೆ ಅವನು ಕೂಲಿ ಹೆಚ್ಚಿಸಿಯಾನೆಂದು ಹೇಳಲಿಲ್ಲ.

ಹಳೆಯ ಕೀಲನ್ನು ರಾಡಿನಿಂದ ತಿರುಚಿ ತೆಗೆಯುವಾಗ ಸುತ್ತುಗಳನ್ನು ಎಣಿಸಬೇಕು. ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಗಾಲಿಯ ನೋಟ ಹೆಚ್ಚುಕಡಿಮೆ ಮೊದಲಿನಂತೆ ಉಳಿಯುತ್ತದೆ. ಜಪಸರದ ಅಭ್ಯಾಸವುಳ್ಳವನಿಗೆ ಎಣಿಕೆ ಕಷ್ಟವಲ್ಲವೆಂದು ಭಾವಿಸಿದ್ದೆ. ಹದಿನಾಲ್ಕೋ ಹದಿನೈದೋ ಎಂಬ ಸಂದೇಹ ಬಂದಿತು. ಜಪದಲ್ಲಿಯೂ ಎಷ್ಟು ಮಣಿಗಳು ಹೀಗೆ ಜಾರಿರಬಹುದೆಂದು ಆ ಹೊತ್ತು ಮೊದಲ ಸಲ ಲೆಕ್ಕಕ್ಕೆ ಬಂದಿತು.

ಕೈಯಲ್ಲಿ ಹಿಡಿದ ಆ ಹಳೆಯ ಕೀಲನ್ನು ಬಿಸಿಲಿಗೆ ತಂದು ನೋಡಿದಾಗ ನನಗೊಂದು ವಿಷಯ ವಿಶದವಾಯಿತು. ಅದು ಭಾರ ಹೊತ್ತು ಸವೆದುದಲ್ಲ. ಭಾರ ಹೊರುವುದಕ್ಕೆಂದೇ ಹುಟ್ಟಿದ ಆ ಉಕ್ಕು ಇನ್ನೂ ಎಷ್ಟೋ ವರ್ಷ ಹೊರುತ್ತಿತ್ತು. ಅದನ್ನು ಮುಚ್ಚಿದ್ದ ರಬ್ಬರಿನ ಟೊಪ್ಪಿಗೆ ಎಂದೋ ಬಿರಿದು, ಬಿರುಕಿನಿಂದ ಮಳೆನೀರೂ ಧೂಳೂ ಒಳಹೊಕ್ಕು, ಗ್ರೀಸನ್ನು ತೊಳೆದು, ನುಣುಪಾದ ಗುಂಡಿಗೂ ಬಟ್ಟಲಿಗೂ ನಡುವೆ ಮಣ್ಣಿನ ಕಣಗಳು ಅರದಂತೆ ಕೆಲಸಮಾಡಿದ್ದುವು. ಸಂಸಾರದ ಭಾರದಿಂದ ಮನಸ್ಸು ಕೆಟ್ಟಿತೆಂದು ಹೇಳಿಕೊಳ್ಳುವವರು ನಮ್ಮಲ್ಲಿ ಬಹಳ. ಭಾರವನ್ನು ಇಳಿಸಿಕೊಂಡವರೇ ಯೋಗಿಗಳಾಗಬಲ್ಲರೆಂಬ ನಂಬಿಕೆಯೂ ಉಂಟು. ಆದರೆ ಹಗಲಿಡೀ ದುಡಿದು, ಮಕ್ಕಳು ಮುದುಕರೆಂದು ಹತ್ತು ಹೊರೆ ಹೊತ್ತು, ಮಾತಿಗೂ ಕೃತಿಗೂ ಎಳ್ಳಷ್ಟು ಸಂದಿಲ್ಲದೆ ಬದುಕಿದ ಸಾಮಾನ್ಯರನ್ನು ನಾನು ಕಂಡಿದ್ದೇನೆ. ಯಾವ ಹೊರೆಯೂ ಇಲ್ಲದೆ, ಎಲ್ಲಿಂದಲೋ ನುಸುಳಿದ ಸಣ್ಣ ಅಸೂಯೆಯೊಂದರಿಂದ ಒಳಗೊಳಗೇ ಅರೆದುಹೋದ ಪಂಡಿತರನ್ನೂ ಕಂಡಿದ್ದೇನೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಬಿಡಬೇಕೆನ್ನಲಿಲ್ಲ. ಅಂಬಿಗರ ಚೌಡಯ್ಯ ಶರಣನಾದ ಮೇಲೂ ಅಂಬಿಗನೇ.

ಎರಡನೆಯ ದಿನವೆಲ್ಲ ಒಳಗಿನ ಕೀಲಿಗೆ ಹೋಯಿತು. ಬೂಟಿನ ಪಟ್ಟಿಯನ್ನು ಕತ್ತರಿಸಿ ಹಿಂದಕ್ಕೆ ಸರಿಸಿದರೆ ಅದರೊಳಗೆ ಗುಂಡಿನ ಮನೆ. ಅದು ತಿರುಗದಂತೆ ಮಡಿಸಿದ ತೆಳುವಾದ ತಗಡಿನ ಬಳೆ. ಅದನ್ನು ಬಿಡಿಸಿ, ರ‍್ಯಾಕನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು, ಇನ್ನೊಂದರಿಂದ ಕೀಲನ್ನು ಮಾತ್ರ ತಿರುಗಿಸಬೇಕು, ಇಲ್ಲವಾದರೆ ತಿರುಚಿನ ಬಲವೆಲ್ಲ ಪಿನಿಯನ್ನಿನ ಹಲ್ಲುಗಳ ಮೇಲೆ ಬೀಳುತ್ತದೆ. ಇವೆಲ್ಲವೂ ಕಾಣದ ಜಾಗದಲ್ಲಿ, ಬೆರಳಿನ ತುದಿಯ ಸಾಕ್ಷ್ಯವೊಂದನ್ನೇ ನೆಚ್ಚಿ. ಬ್ಯಾಟರಿ ದೀಪ ಹಿಡಿದರೆ ನನ್ನ ಕೈಯ ನೆರಳೇ ಅಡ್ಡ ಬರುತ್ತಿತ್ತು. ಹೆಂಡತಿಯ ಕೈಗನ್ನಡಿಯನ್ನು ಒಡ್ಡಿದರೆ ಎಡವು ಬಲವಾಗಿ ಕಂಡು, ಬಿಚ್ಚುವ ಬದಲು ಬಿಗಿಮಾಡುತ್ತಿದ್ದೆ. ಕಡೆಗೆ ದೀಪವನ್ನೂ ಕನ್ನಡಿಯನ್ನೂ ಆಚೆಗಿಟ್ಟು, ಕಣ್ಣು ಮುಚ್ಚಿಕೊಂಡು, ಬೆರಳನ್ನು ಅಲ್ಲಿಯೇ ಸುಮ್ಮನೆ ಇರಿಸಿದೆನು. ಸ್ವಲ್ಪ ಹೊತ್ತಿನ ಮೇಲೆ ತಗಡಿನ ಅಂಚು ಎಲ್ಲಿದೆಯೆಂಬುದು ತಿಳಿಯಿತು. ಅಂತರ್ಮುಖತೆಯೆಂದರೆ ಒಳಗಿನದನ್ನು ನೋಡುವುದೆಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಒಳಗೆ ನೋಡುವುದಕ್ಕೆ ಬೆಳಕಿರುವುದಿಲ್ಲ, ನೋಡುವವನ ನೆರಳು ಮಾತ್ರ ಇರುತ್ತದೆ. ನನಗೆ ಈಗ ತೋರುವುದು, ಅಲ್ಲಿ 'ನೋಡು' ಎಂಬುದಕ್ಕಿಂತ 'ಮುಟ್ಟು' ಎಂಬ ಕ್ರಿಯಾಪದವೇ ಯುಕ್ತವಾದದ್ದೆಂದು.

ಅಂಗಾತ ಮಲಗಿದ್ದಾಗ ಇನ್ನೊಂದು ಚಿತ್ರ ಪದೇ ಪದೇ ಮನಸ್ಸಿಗೆ ಬರುತ್ತಿತ್ತು. ದ್ರೋಣಪರ್ವದಲ್ಲಿ ಜಯದ್ರಥನನ್ನು ಸೂರ್ಯಾಸ್ತದೊಳಗೆ ಕೊಲ್ಲಬೇಕಾಗಿದ್ದ ಆ ದಿನ, ಒಂದೊಂದು ಗಳಿಗೆಯೂ ಅಮೂಲ್ಯವಾಗಿದ್ದಾಗ, ಶತ್ರುಸೈನ್ಯದ ನಡುವೆ ಕೃಷ್ಣನು ರಥವನ್ನು ನಿಲ್ಲಿಸುತ್ತಾನೆ. ಅರ್ಜುನನು ಬಾಣದಿಂದ ನೆಲ ಸೀಳಿ ನೀರು ತರಿಸುತ್ತಾನೆ. ಕೃಷ್ಣನು ಕುದುರೆಗಳನ್ನು ನೊಗದಿಂದ ಬಿಚ್ಚಿ, ನೆಟ್ಟಿದ್ದ ಅಂಬುಗಳನ್ನು ಕಿತ್ತು, ಮೈಯನ್ನು ತಿಕ್ಕಿ, ನೀರು ಕುಡಿಸಿ, ಮತ್ತೆ ಹೂಡುತ್ತಾನೆ. ಗೀತೆಯನ್ನು ಹೇಳಿದ ಕೃಷ್ಣನ ಚಿತ್ರಪಟಗಳು ಮನೆಮನೆಯಲ್ಲಿಯೂ ಇವೆ. ಕುದುರೆಯ ಗಾಯ ತೊಳೆಯುವ ಕೃಷ್ಣನ ಪಟವನ್ನು ನಾನು ಯಾರ ಮನೆಯಲ್ಲಿಯೂ ಕಾಣೆ. ನಮ್ಮ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿಯೂ ಹೀಗೆಯೇ. ಐದು ತೇರುಗಳು ಹೊರಡುತ್ತವೆ. ಹಗ್ಗ ಹಿಡಿದ ಸಾವಿರಾರು ಭಕ್ತರೂ ಮೇಲೆ ಕೂತ ಸ್ವಾಮಿಯೂ ಎಲ್ಲರಿಗೂ ಕಾಣುತ್ತಾರೆ. ಆದರೆ ತೇರಿಗೆ ಸ್ಟೇರಿಂಗಿಲ್ಲ. ಅಷ್ಟು ದೊಡ್ಡ ರಥ ಬೀದಿಯ ತಿರುವಿನಲ್ಲಿ ಹೊರಳುವುದು, ಚಕ್ರದ ಬಳಿಯೇ ಬಗ್ಗಿ ನಡೆಯುತ್ತ, ಸಮಯಕ್ಕೆ ಸರಿಯಾಗಿ ಚಕ್ರದಡಿಗೆ ಮರದ ಬೆಣೆ ಕೊಟ್ಟು ತೆಗೆಯುವ ಕೆಲವರಿಂದ. ಅವರು ದೇವರ ಮುಖವನ್ನು ನೋಡುವಂತಿಲ್ಲ. ನೋಡಿದರೆ ಕೈ ಹೋಗುತ್ತದೆ. ಇದನ್ನೆಲ್ಲ ನೆನೆದರೆ, ಸೂರ್ಯನ ರಥಕ್ಕೆ ಒಂದೇ ಚಕ್ರವಿಟ್ಟ ಪೌರಾಣಿಕರ ಜಾಣತನ ಅರ್ಥವಾಗುತ್ತದೆ. ತೊಡೆಯಿಲ್ಲದ ಸಾರಥಿ ಅರುಣನಿಂದ ಕೀಲು ಬಿಗಿಸುವ ಕೆಲಸವನ್ನು ಅಪೇಕ್ಷಿಸುವುದು ನ್ಯಾಯವಲ್ಲ.

ಕೀಲುಗಳನ್ನು ಬದಲಾಯಿಸಿದ ಮೇಲೆ ಇದು ಅದೇ ಗಾಡಿಯೋ ಬೇರೆಯೋ ಎಂಬಂಥ ಪ್ರಶ್ನೆಯನ್ನು ನಾಗಸೇನ ಭಿಕ್ಷುವು ಮಿಲಿಂದ ರಾಜನಿಗೆ ರಥದ ದೃಷ್ಟಾಂತದಿಂದ ವಿಸ್ತಾರವಾಗಿ ಬಿಡಿಸಿ ತೋರಿಸಿದ್ದಾನೆ: ಅಚ್ಚು ರಥವಲ್ಲ, ಚಕ್ರ ರಥವಲ್ಲ, ನೊಗ ರಥವಲ್ಲ, ಇವೆಲ್ಲ ಸೇರಿದಾಗ ನಾವು ಇಡುವ ಹೆಸರು ರಥ. ಪ್ರಶ್ನೆ ಘನವಾದದ್ದೇ. ಆದರೆ ಬೆನ್ನ ಕೆಳಗೆ ಗೋಣಿಯಿಟ್ಟುಕೊಂಡು ಮಲಗಿದವನಿಗೆ ಅದು ಅಷ್ಟಾಗಿ ಕಾಡುವುದಿಲ್ಲ.

ನನ್ನನ್ನು ಕಾಡಿದ್ದು ಇನ್ನೊಂದು ಆಕ್ಷೇಪ; ಅದನ್ನು ಮಾಡಿದವಳು ಮಗಳು. ಪಾತ್ರೆಯಲ್ಲಿ ಸೀಮೆಎಣ್ಣೆ ಹಾಕಿ ತಿರುಪುಗಳನ್ನು ತೊಳೆಯುತ್ತ ನನ್ನ ಕರಣಸಿದ್ಧಾಂತವನ್ನು ಅವಳಿಗೆ ವಿವರಿಸಿದಾಗ, "ಹಾಗಾದರೆ ತಪ್ಪು ಮಾಡಿದವರೆಲ್ಲ, ನನ್ನದೇನೂ ಇಲ್ಲ, ಒಳಗಿನ ಕೀಲು ಸವೆದಿತ್ತು ಅಂತ ಹೇಳಬಹುದಲ್ಲ" ಎಂದಳು. ಇದಕ್ಕೆ ನನ್ನ ಬಳಿ ಅಂಗೈ ನೆಲ್ಲಿಯಂಥ ಉತ್ತರವಿಲ್ಲ. ಕೀಲು ಸವೆದದ್ದು ಅಪರಾಧವಲ್ಲ, ಸವೆದುದನ್ನು ತಿಳಿಯದಿದ್ದುದೂ ಬಹುಶಃ ಅಪರಾಧವಲ್ಲ. ಆದರೆ ನನ್ನ ಕೈಗಳು ಆ ಎರಡಂಗುಲವನ್ನು ತುಂಬಿಕೊಡಲು ಕಲಿತುದು ಯಾವ ಮಟ್ಟದಲ್ಲಿಯೂ ನನಗೆ ಗೊತ್ತಿರಲಿಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಕಳೆದ ಮಳೆಗಾಲದಲ್ಲಿಯೇ ಒರಟು ರಸ್ತೆಯಲ್ಲಿ ಲೊಟಲೊಟ ಶಬ್ದವೊಂದು ಕೇಳಿಸುತ್ತಿತ್ತು. ನಾನು ರೇಡಿಯೋದ ಧ್ವನಿಯನ್ನು ಸ್ವಲ್ಪ ಏರಿಸುತ್ತಿದ್ದೆ. ಮುಂದಿನ ಟೈರು ಒಳ ಅಂಚಿನಲ್ಲಿ ಬೇಗ ಸವೆಯುತ್ತಿದೆಯೆಂದು ಗಾಳಿ ಹಾಕುವವನು ಹೇಳಿದ್ದನು, ಟೈರನ್ನು ಬದಲಾಯಿಸಿದೆ. ಕರ್ತೃವಿನ ಪಾಲು ಎಲ್ಲಿದೆಯೆಂದರೆ ಬಹುಶಃ ಆ ರೇಡಿಯೋದ ಗುಂಡಿಯ ಮೇಲಿಟ್ಟ ಬೆರಳಿನಲ್ಲಿ. ಇದನ್ನು ಮಗಳಿಗೆ ಹೇಳಿದೆ. ಅವಳು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. "ಆ ವಾಷರನ್ನ ಹಾಗೇ ಬಿಡಬೇಡ, ಇನ್ನೂ ಕೊಳೆ ಇದೆ" ಎಂದಳು.

ಮೂರನೆಯ ದಿನ ಎಲ್ಲವನ್ನೂ ಸೇರಿಸಿದ್ದಾಯಿತು. ಹೊಸ ಬೂಟುಗಳು, ಹೊಸ ಸ್ಪ್ಲಿಟ್ ಪಿನ್ನುಗಳು, ಗ್ರೀಸು. ಗುರುವಿನ ಪರೀಕ್ಷೆಯೂ ಆಯಿತು, ಎರಡು ಕಡೆ ನನ್ನ ಬಿಗಿ ಸಾಲದೆಂದು ಮತ್ತೆ ತಿರುಗಿಸಿದನು. ಇನ್ನು ವ್ಹೀಲ್ ಅಲೈನ್‌ಮೆಂಟ್ ಮಾಡಿಸದೆ ಬಹಳ ದೂರ ಓಡಿಸಕೂಡದೆಂದು ಅಪ್ಪಣೆ. ಎರಡು ಮುಂಗಾಲಿಗಳನ್ನೂ ಒಂದಕ್ಕೊಂದು ಸಮಾಂತರವಾಗಿ ನಿಲ್ಲಿಸಿದರೆ ಮುಗಿಯಿತೆಂದುಕೊಂಡಿದ್ದ ನನಗೆ ಅವನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ತೋರಿಸಿದನು: ತಿರುವಿನಲ್ಲಿ ಒಳಗಾಲಿ ಸಣ್ಣ ವೃತ್ತದಲ್ಲಿಯೂ ಹೊರಗಾಲಿ ದೊಡ್ಡ ವೃತ್ತದಲ್ಲಿಯೂ ಹೋಗಬೇಕಾದುದರಿಂದ, ಒಳಗಾಲಿ ಹೆಚ್ಚು ಹೊರಳಬೇಕು, ಹೊರಗಾಲಿ ಕಡಿಮೆ, ಎರಡೂ ಒಂದೇ ಕೋನದಲ್ಲಿ ಹೊರಳಿದರೆ ಒಂದು ಇನ್ನೊಂದನ್ನು ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಕೋನ ಬೇರೆಬೇರೆಯಾದರೂ ಕೇಂದ್ರ ಒಂದೇ. ಅದು ಗಾಡಿಯಿಂದಾಚೆ, ಹಿಂದಿನ ಅಚ್ಚಿನ ಗೆರೆಯನ್ನು ಪಕ್ಕಕ್ಕೆ ಎಳೆದರೆ ಸಿಕ್ಕುವ, ಅಲ್ಲಿ ಏನೂ ಇಲ್ಲದ ಒಂದು ಬಿಂದು. ಆಮೇಲೆ ಪುಸ್ತಕದಲ್ಲಿ ನೋಡಿದೆ: ಮ್ಯೂನಿಕ್ ಪಟ್ಟಣದ ಗಾಡಿ ಕಟ್ಟುವ ಲಾಂಕೆನ್ಸ್‌ಪರ್ಗರ್ ಎಂಬವನು ಇದನ್ನು ಕಂಡುಹಿಡಿದನು, ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟನ್ನು ಪಡೆದ ಆಕರ್ಮನ್ ಎಂಬ ಚಿತ್ರಪುಸ್ತಕಗಳ ವ್ಯಾಪಾರಿಯ ಹೆಸರೇ ಇದಕ್ಕೆ ನಿಂತುಹೋಯಿತು. ಕಂಡವನು ಒಬ್ಬ, ಹೆಸರು ಪಡೆದವನು ಇನ್ನೊಬ್ಬ. ಸ್ವಧರ್ಮವೆಂಬುದನ್ನು ನಾನು ಇದುವರೆಗೆ ಎಷ್ಟು ಜಡವಾಗಿ, ಸಮಾಂತರ ರೇಖೆಗಳಂತೆ ವಿವರಿಸುತ್ತಿದ್ದೆನೆಂಬುದನ್ನು ಆ ಸುಣ್ಣದ ಗೆರೆಗಳನ್ನು ನೋಡುತ್ತ ನಿಂತಾಗ ಯೋಚಿಸಿದೆ. ಆ ಯೋಚನೆ ಇನ್ನೂ ಮುಗಿದಿಲ್ಲವಾದುದರಿಂದ ಇಲ್ಲಿ ಬರೆಯುವುದಿಲ್ಲ.

ಸ್ಟ್ಯಾಂಡುಗಳನ್ನು ತೆಗೆದು ಗಾಡಿಯನ್ನು ನೆಲಕ್ಕಿಳಿಸಿ, ಗೇಟಿನಿಂದ ಹೊರಗೆ ತೆಗೆಯುವ ಗೌರವವನ್ನು ನಾನೇ ವಹಿಸಿಕೊಂಡೆನು. ಎಡಕ್ಕೆ ಹೊರಳಬೇಕಾಗಿತ್ತು. ಹೊರಳಿಸಿದೆ. ಗಾಡಿ, ಹಿಂದೆಂದೂ ಇಲ್ಲದ ವಿಧೇಯತೆಯಿಂದ, ಹೇಳಿದ್ದನ್ನೆಲ್ಲ ಒಮ್ಮೆಗೇ ಮಾಡಿ, ನೇರವಾಗಿ ದಾಸವಾಳದ ಬೇಲಿಗೆ ನುಗ್ಗಿತು. ನನ್ನ ಕೈಗಳು ತಮ್ಮ ಹಳೆಯ ಎರಡಂಗುಲವನ್ನು ಸೇರಿಸಿಕೊಂಡೇ ತಿರುಗಿಸಿದ್ದುವು. ನಷ್ಟವೇನೂ ಆಗಲಿಲ್ಲ, ಹತ್ತು ಹೂವು ಬಾನೆಟ್ಟಿನ ಮೇಲೆ ಉದುರಿದುವು. ಮಗಳು ಏನೂ ಹೇಳದೆ ಬಂದು ಬಾಗಿಲು ತೆಗೆದು, ನಾನು ಇಳಿಯುವವರೆಗೆ ಕಾದು, ತಾನು ಕೂತಳು.

ಅಲೈನ್‌ಮೆಂಟಿನ ಅಂಗಡಿ ಮೂರು ಮೈಲಿಯಾಚೆ. ಅವಳು ನಿರಾಯಾಸವಾಗಿ ಓಡಿಸುತ್ತಿದ್ದಳು. ಗಾಡಿ ಅವಳು ಹೇಳಿದ ಕಡೆ ಹೋಗುತ್ತಿತ್ತು. ನಾನು ಪಕ್ಕದಲ್ಲಿ, ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದೆ. ಬಲ್ಲಾಳ್ ವೃತ್ತದ ತಿರುವು ಬಂದಾಗ, ಅದು ಬರುವುದಕ್ಕೆ ಸ್ವಲ್ಪ ಮುಂಚೆಯೇ, ನನ್ನ ಬಲಗೈ ಪಂಚೆಯ ಮೇಲೆ ಎರಡಂಗುಲ ಸರಿಯಿತು.